ತಿಗರಿಯ ವೇಗವೂ ನಮ್ಮ ವೇಗದ ಭ್ರಮೆಯೂ



ಕುಂಬಾರರು ಹೊಸತನ್ನು ಒಪ್ಪದ ಜನ ಎಂಬ ಮಾತನ್ನು ಈಚೆಗೆ ವಿದ್ಯಾವಂತರ ಬಾಯಲ್ಲಿ ಪದೇ ಪದೇ ಕೇಳುತ್ತಿದ್ದೇನೆ. ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಇದೇ ಮಾತನ್ನು ಬರೆದನು. ಈಗ ಇಂಜಿನಿಯರ್ ಆಗಿರುವ ಆತ, ತನ್ನೂರಿನ ವೃದ್ಧ ಕುಂಬಾರರೊಬ್ಬರಿಗಾಗಿ ಮೋಟಾರಿನ ತಿಗರಿಯೊಂದನ್ನು ಸ್ವಂತ ಖರ್ಚಿನಿಂದ ತಯಾರಿಸಿ ಕೊಟ್ಟನಂತೆ. ಅದರ ವೇಗ ನಿಮಿಷಕ್ಕೆ 480 ಸುತ್ತು. ಅಜ್ಜ ಎರಡು ಸಲ ಮಣ್ಣಿಟ್ಟು ನೋಡಿ, "ಇದು ನನ್ನ ಕೈಗೆ ಬಗ್ಗಲ್ಲ ಬಿಡಪ್ಪ" ಎಂದು ಎದ್ದುಹೋದರಂತೆ. "ಇಂಥವರನ್ನು ಉದ್ಧಾರ ಮಾಡುವುದು ಹೇಗೆ ಸಾರ್?" ಎಂಬುದು ಅವನ ಪ್ರಶ್ನೆ.

ಅವನ ಉದ್ದೇಶ ಒಳ್ಳೆಯದು, ಸಂಶಯವಿಲ್ಲ. ಆದರೆ ಈ ಪ್ರಕರಣದಲ್ಲಿ ಭೌತಶಾಸ್ತ್ರ ತಿಳಿದವರು ಅಜ್ಜನೇ ಹೊರತು ನನ್ನ ವಿದ್ಯಾರ್ಥಿಯಲ್ಲ. ಇದನ್ನು ಖಾಸಗಿಯಾಗಿ ಅವನೊಬ್ಬನಿಗೆ ಬರೆದು ಸುಮ್ಮನಾಗಬಹುದಿತ್ತು. ಆದರೆ ಇದೇ ತಪ್ಪನ್ನು ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ, ಮನೆಯಲ್ಲೇ ತಿಗರಿ ಕಟ್ಟಿಕೊಳ್ಳುವ ಹವ್ಯಾಸಿಗಳಲ್ಲಿ, ದಾನ ಕೊಡುವ ಉತ್ಸಾಹಿಗಳಲ್ಲಿ ಕಾಣುತ್ತಿರುವುದರಿಂದ ಎಲ್ಲರೆದುರೇ ಬರೆಯುತ್ತಿದ್ದೇನೆ.

ವೃತ್ತೀಯ ಚಲನೆಯ ಪಾಠವನ್ನು ಜ್ಞಾಪಿಸಿಕೊಳ್ಳಿ. ತಿರುಗುವ ವಸ್ತುವನ್ನು ಹೊರಕ್ಕೆ ಸೆಳೆಯುವ ಬಲವು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡು ಪಟ್ಟಾದರೆ ಸೆಳೆತ ನಾಲ್ಕು ಪಟ್ಟು. ಕೇಂದ್ರದಿಂದ 15 ಸೆಂಟಿಮೀಟರ್ ದೂರದಲ್ಲಿರುವ ಮಡಕೆಯ ಅಂಚನ್ನು ತೆಗೆದುಕೊಳ್ಳಿ. ನಿಮಿಷಕ್ಕೆ 80 ಸುತ್ತಿನಲ್ಲಿ ಅಲ್ಲಿರುವ ಹಸಿಮಣ್ಣಿನ ಮೇಲೆ ಹೊರಮುಖ ಸೆಳೆತ ಹೆಚ್ಚುಕಡಿಮೆ ಆ ಮಣ್ಣಿನ ತೂಕದಷ್ಟೇ ಇರುತ್ತದೆ. 240 ಸುತ್ತಿಗೆ ಹೋದರೆ ತೂಕದ ಹತ್ತು ಪಟ್ಟಿನ ಹತ್ತಿರ ಬರುತ್ತದೆ. 480 ಸುತ್ತಿನಲ್ಲಿ ಮೂವತ್ತೆಂಟು ಪಟ್ಟನ್ನೂ ಮೀರುತ್ತದೆ. ನೀರು ಕುಡಿದು ಮೆತ್ತಗಾದ, ಬೆರಳಿನಷ್ಟು ದಪ್ಪದ ಗೋಡೆ ಇದನ್ನು ತಾಳೀತೇ? (ಪಾಠ ಮರೆಯದ ಕೆಲವರು ಕೇಂದ್ರಾಪಗಾಮಿ ಬಲವು ಮಿಥ್ಯಾಬಲವೆಂದು ನನ್ನನ್ನು ತಿದ್ದಬಹುದು. ಬಾಯಿ ಹರಿದುಕೊಂಡ ಮಡಕೆಗೆ ಆ ವ್ಯತ್ಯಾಸ ತಿಳಿಯದು.)

ಇನ್ನೊಂದು ಲೆಕ್ಕವೂ ಇದೆ. ಕುಂಬಾರನ ಬೆರಳಿಗೆ ಸುತ್ತುಗಳ ಸಂಖ್ಯೆಯ ಅರಿವಿಲ್ಲ. ಅದಕ್ಕೆ ಗೊತ್ತಾಗುವುದು ಬೆರಳಡಿಯಲ್ಲಿ ಜಾರಿಹೋಗುವ ಮಣ್ಣಿನ ವೇಗ. 10 ಸೆಂಟಿಮೀಟರ್ ವ್ಯಾಸದ ಕುಡಿಕೆ 240 ಸುತ್ತಿನಲ್ಲಿ ತಿರುಗುವಾಗ ಅದರ ಅಂಚು ಸೆಕೆಂಡಿಗೆ ಸುಮಾರು 1.25 ಮೀಟರ್ ಸರಿಯುತ್ತದೆ. 30 ಸೆಂಟಿಮೀಟರ್ ವ್ಯಾಸದ ಬೋಗುಣಿಯ ಅಂಚಿಗೆ ಅದೇ ವೇಗ 80 ಸುತ್ತಿನಲ್ಲೇ ಬಂದುಬಿಡುತ್ತದೆ. ಆದುದರಿಂದ "ತಿಗರಿಗೆ ಸರಿಯಾದ ವೇಗ ಎಷ್ಟು?" ಎಂದು ಒಂದೇ ಸಂಖ್ಯೆ ಕೇಳುವುದೇ ಅಸಂಬದ್ಧ. ಮುದ್ದೆಯನ್ನು ನಡುಮಧ್ಯಕ್ಕೆ ತರುವಾಗ 200ರ ಆಸುಪಾಸು ಬೇಕಾದೀತು. ಗೋಡೆ ಎತ್ತುವಾಗ ಅದರ ಅರ್ಧ ಸಾಕು. ಬಾಯಿ ಅಗಲಿಸುವಾಗ ಇನ್ನೂ ಕಡಿಮೆ. ಒಂದೇ ಮಡಕೆ, ಕೆಲವೇ ನಿಮಿಷಗಳೊಳಗೆ, ಮೂರು ವೇಗಗಳನ್ನು ಕೇಳುತ್ತದೆ.

ಈಗ ನಾವು 'ಹಿಂದುಳಿದದ್ದು' ಎಂದು ಕರೆಯುವ ಹಳೆಯ ತಿಗರಿಯನ್ನು ನೋಡೋಣ. ಅಂಚಿನ ಗುಳಿಯಲ್ಲಿ ಕೋಲನ್ನೂರಿ ನಾಲ್ಕಾರು ಸಲ ಬೀಸಿ ತಿರುಗಿಸಿ, ಕೋಲನ್ನು ಬದಿಗಿಟ್ಟು ಕುಂಬಾರ ಮಣ್ಣಿಗೆ ಕೈಹಾಕುತ್ತಾನೆ. ಚಕ್ರ ಭಾರವಾದದ್ದು, ತನ್ನ ಜಡತ್ವದಿಂದಲೇ ತಿರುಗುತ್ತ, ಕೈಯ ಒತ್ತಡಕ್ಕೆ ಮೆಲ್ಲಮೆಲ್ಲನೆ ವೇಗ ಕಳೆದುಕೊಳ್ಳುತ್ತದೆ. ಅಂದರೆ ಮುದ್ದೆಯನ್ನು ಹದಕ್ಕೆ ತರುವ ಮೊದಲ ಕ್ಷಣಗಳಲ್ಲಿ ಅತಿ ಹೆಚ್ಚು ವೇಗ, ಬಾಯಿ ಅಗಲವಾಗುವ ಹೊತ್ತಿಗೆ ಅತಿ ಕಡಿಮೆ ವೇಗ. ಮಣ್ಣು ಯಾವ ಕ್ರಮದಲ್ಲಿ ವೇಗವನ್ನು ಕೇಳುತ್ತದೆಯೋ ಅದೇ ಕ್ರಮದಲ್ಲಿ ಆ ಚಕ್ರ ಕೊಡುತ್ತದೆ! ಇದನ್ನು ಯಾವ ರೆಗ್ಯುಲೇಟರೂ ಇಲ್ಲದೆ ಸಾಧಿಸಿದವರ ಮುಂದೆ ಏಕವೇಗದ ಯಂತ್ರವನ್ನಿಟ್ಟು, ಅವರು ಬೇಡವೆಂದಾಗ 'ಹಟಮಾರಿಗಳು' ಎನ್ನುವುದು ಯಾವ ನ್ಯಾಯ?

"ನಿಧಾನವಾದರೆ ಉತ್ಪಾದನೆ ಕುಂಠಿತವಾಗುವುದಿಲ್ಲವೇ?" ಎಂಬ ಆಕ್ಷೇಪ ಬರುತ್ತದೆ. ಕುಡಿಕೆಯೊಂದು ತಿಗರಿಯ ಮೇಲಿರುವುದು ಕೆಲವು ನಿಮಿಷ ಮಾತ್ರ. ಅದು ನೆರಳಿನಲ್ಲಿ ಆರಲು ದಿನಗಳು ಬೇಕು; ಆವಿಗೆ ತುಂಬುವವರೆಗೆ ಕಾಯಬೇಕು; ಸೌದೆ ಹೊಂದಿಸಬೇಕು; ಕೆರೆಯ ಮಣ್ಣು ಸಿಗಬೇಕು. ಇವುಗಳಲ್ಲಿ ಯಾವುದನ್ನೂ 480 ಸುತ್ತು ಬೇಗ ಮಾಡಿಸಲಾರದು. ನಮ್ಮ ಮನೆಗಳಲ್ಲೇ ನೋಡಿ. ಮಿಕ್ಸಿ ಎಷ್ಟೋ ಸಾವಿರ ಸುತ್ತು ತಿರುಗಿದರೂ ಇಡ್ಲಿ ಹಿಟ್ಟಿಗೆ ಗೃಹಿಣಿಯರು ನಿಧಾನವಾಗಿ ತಿರುಗುವ ಕಲ್ಲಿನ ಗ್ರೈಂಡರನ್ನೇ ಬಯಸುತ್ತಾರೆ. ಅವರನ್ನು ಯಾರೂ ಪ್ರಗತಿವಿರೋಧಿಗಳೆನ್ನುವುದಿಲ್ಲ. ನಿಧಾನದ ಬುದ್ಧಿವಂತಿಕೆ ನಮ್ಮ ಅಡುಗೆಮನೆಯಲ್ಲಿದ್ದರೆ ಅನುಭವ, ಕುಂಬಾರನ ಅಂಗಳದಲ್ಲಿದ್ದರೆ ಅಜ್ಞಾನ!

ವೇಗದ ಮೋಹದಲ್ಲಿ ಮರೆತುಹೋಗುವುದು ತಿರುಗುಬಲ. ಮಣ್ಣನ್ನು ಎರಡೂ ಅಂಗೈಗಳಿಂದ ಒತ್ತಿದಾಗ ಚಕ್ರ ನಿಲ್ಲದೆ ತಿರುಗಬೇಕಲ್ಲವೇ? ಸೀಲಿಂಗ್ ಫ್ಯಾನು ನಿಮಿಷಕ್ಕೆ ಮುನ್ನೂರು ಚಿಲ್ಲರೆ ಸುತ್ತು ತಿರುಗುವುದನ್ನು ಕಂಡು, ವೇಗ ಹತ್ತಿರದಲ್ಲೇ ಇದೆಯೆಂದು ಅದರ ಮೋಟಾರಿಗೆ ಹಲಗೆ ಜೋಡಿಸುವವರಿದ್ದಾರೆ. ಎಪ್ಪತ್ತೈದು ವ್ಯಾಟಿನ ಆ ಮೋಟಾರು ಗಾಳಿಯನ್ನು ಸರಿಸಬಲ್ಲದು, ಮೂರು ಕಿಲೋ ಮಣ್ಣಿನ ಮೇಲೆ ಕೈಯಿಟ್ಟರೆ ನಿಂತುಹೋಗುತ್ತದೆ. ಅರ್ಧ ಅಶ್ವಶಕ್ತಿಯ ಸಾಮಾನ್ಯ ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಅದಕ್ಕೆ 2 ಅಂಗುಲದ ಪುಲಿ, ತಿಗರಿಗೆ 12 ಅಂಗುಲದ ಪುಲಿ ಹಾಕಿ ಬೆಲ್ಟು ತೊಡಿಸಿದರೆ ವೇಗ 240ಕ್ಕೆ ಇಳಿಯುತ್ತದೆ. ಘರ್ಷಣೆಯ ನಷ್ಟ ಬಿಟ್ಟರೆ ತಿರುಗುಬಲ ಆರು ಪಟ್ಟಾಗುತ್ತದೆ. ನನ್ನ ವಿದ್ಯಾರ್ಥಿ 4 ಅಂಗುಲದ ಪುಲಿ ಹಾಕಿ ವೇಗವನ್ನು ಹೆಚ್ಚಿಸಿಕೊಂಡ, ಬಲವನ್ನು ಅರ್ಧ ಕಳೆದುಕೊಂಡ.

240 ಎಂಬುದೂ ಮೇಲಿನ ಮಿತಿಯೇ. ಅಲ್ಲಿಂದ ಕೆಳಕ್ಕೆ ಇಳಿಯಲು ಫ್ಯಾನಿನ ರೆಗ್ಯುಲೇಟರ್ ಹಾಕಬೇಡಿ. ವೋಲ್ಟೇಜು ಅರ್ಧವಾದರೆ ಇಂಥ ಮೋಟಾರಿನ ತಿರುಗುಬಲ ಕಾಲು ಭಾಗಕ್ಕೆ ಕುಸಿಯುತ್ತದೆ. ಕೆಪಾಸಿಟರ್‌ನಿಂದ ಹೊರಡುವ ಮೋಟಾರಾದರೆ, ವೇಗ ತೀರಾ ಇಳಿದಾಗ ಒಳಗಿನ ಸ್ವಿಚ್ಚು ಮತ್ತೆ ಕೂಡಿಕೊಂಡು ಸುರುಳಿಯೇ ಸುಟ್ಟುಹೋಗಬಹುದು. ಹಂತಹಂತದ ಪುಲಿಗಳನ್ನಾದರೂ ಹಾಕಿ. ಹಣವಿದ್ದರೆ ಡಿಸಿ ಮೋಟಾರು, ಅದಕ್ಕೊಪ್ಪುವ ನಿಯಂತ್ರಕ ಮತ್ತು ಕಾಲಿನಿಂದ ಒತ್ತುವ ಪೆಡಲು ಉತ್ತಮ. ಎರಡೂ ಕೈ ಮಣ್ಣಿನ ಮೇಲಿರುವಾಗ ವೇಗದ ಆಜ್ಞೆ ಕಾಲಿನಿಂದಲೇ ಹೋಗಬೇಕು.

ನಾನು ಮೋಟಾರಿನ ವಿರೋಧಿಯಲ್ಲ. ಭಾರದ ಚಕ್ರವನ್ನು ಕೋಲಿನಿಂದ ಬೀಸಿ ಬೀಸಿ ಸೊಂಟ ಕಳೆದುಕೊಂಡವರನ್ನು ಕಂಡಿದ್ದೇನೆ. ಅನೇಕ ಮನೆಗಳಲ್ಲಿ ಮಣ್ಣು ಹದ ಮಾಡುವುದಕ್ಕಷ್ಟೇ ಸೀಮಿತರಾಗಿದ್ದ ಹೆಣ್ಣುಮಕ್ಕಳು ವಿದ್ಯುತ್ ತಿಗರಿಯ ಮುಂದೆ ಸುಲಭವಾಗಿ ಕೂರಬಲ್ಲರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2018ರಲ್ಲಿ ಕುಂಬಾರರಿಗೆ ವಿದ್ಯುತ್ ತಿಗರಿ ಹಂಚುವ ಯೋಜನೆ ಆರಂಭಿಸಿದ್ದನ್ನು ನಾನು ಸ್ವಾಗತಿಸಿದವನೇ. ನನ್ನ ಜಗಳವಿರುವುದು, ಬಳಸುವವನನ್ನು ಒಂದು ಮಾತೂ ಕೇಳದೆ ಯಂತ್ರ ಕಟ್ಟಿ, ಅದು ಸೋತಾಗ ಅವನನ್ನೇ ದೂಷಿಸುವ ಅಹಂಕಾರದೊಂದಿಗೆ.

ಆದುದರಿಂದ, ಮಗೂ, ಆ ಅಜ್ಜನ ಹಳೆಯ ತಿಗರಿಯ ಅಂಚಿಗೆ ಸುಣ್ಣದ ಚುಕ್ಕೆಯಿಟ್ಟು, ಅವರು ಕೆಲಸ ಮಾಡುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೋ. ಮುದ್ದೆ ಕೂರಿಸುವಾಗ, ಗೋಡೆ ಎತ್ತುವಾಗ, ಬಾಯಿ ತೆರೆಯುವಾಗ ಹದಿನೈದು ಸೆಕೆಂಡಿಗೆ ಎಷ್ಟು ಸುತ್ತೆಂದು ಎಣಿಸಿ ನಾಲ್ಕರಿಂದ ಗುಣಿಸು. ಪುಲಿಯನ್ನು ಆಮೇಲೆ ಕೊಳ್ಳು. ನೀರು ಚೆಲ್ಲುವ ಜಾಗವಾದ್ದರಿಂದ ಮೋಟಾರಿಗೆ ಮುಚ್ಚಳ, ಚೌಕಟ್ಟಿಗೆ ಅರ್ಥಿಂಗ್, ಸೋರಿಕೆಯಾದರೆ ತಕ್ಷಣ ವಿದ್ಯುತ್ ಕಡಿಯುವ ಸ್ವಿಚ್ಚು, ಈ ಮೂರನ್ನೂ ಹಾಕಿಸದೆ ಅದನ್ನು ಅವರ ಅಂಗಳಕ್ಕೆ ಒಯ್ಯಬೇಡ.