ಚಪಾತಿ ಬಿಡುವ ಮೊದಲು ರಕ್ತ ಕೊಡಿ

ಬೆಂಗಳೂರಿನ ದೊಡ್ಡ ದಿನಸಿ ಅಂಗಡಿಗಳಲ್ಲಿ ಈಗ ‘ಗ್ಲುಟೆನ್ ಫ್ರೀ’ ಸಾಲೇ ಬೇರೆ ಇರುತ್ತದೆ. ಬಿಸ್ಕತ್ತು, ಬ್ರೆಡ್ಡು, ಪಾಸ್ತಾ ಸರಿ. ಅಕ್ಕಿ ಹಿಟ್ಟಿನ ಪೊಟ್ಟಣಕ್ಕೂ ಅದೇ ಹಣೆಪಟ್ಟಿ. ಅಕ್ಕಿಯಲ್ಲಿ ಗ್ಲುಟೆನ್ ಯಾವತ್ತಿತ್ತು ಸ್ವಾಮಿ? ಕೊಳ್ಳುವವರನ್ನು ಕೇಳಿದರೆ ‘ನಂಗೆ ಗೋಧಿ ಆಗಲ್ಲ’ ಅನ್ನುತ್ತಾರೆ. ಹೇಳಿದ್ದು ಯಾರು ಅಂದರೆ ಜಿಮ್ಮಿನ ಹುಡುಗ, ಇಲ್ಲವೇ ಮೊಬೈಲಿನಲ್ಲಿ ಕಂಡ ಅರ್ಧ ನಿಮಿಷದ ರೀಲು. ಪರೀಕ್ಷೆ ಮಾಡಿಸಿದಿರಾ ಎಂದರೆ, ‘ಬಿಟ್ಟ ಮೇಲೆ ಹೊಟ್ಟೆ ಹಗುರಾಗಿದೆಯಲ್ಲ, ಇನ್ಯಾತರ ಪರೀಕ್ಷೆ?’

ಎಡವಟ್ಟಾಗುವುದು ಇಲ್ಲೇ. ಗೋಧಿ ಆಗದಿರುವುದಕ್ಕೆ ಸೀಲಿಯಾಕ್ ಎಂಬ ರೋಗವೂ ಕಾರಣವಿರಬಹುದು. ಅದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಆಹಾರದ ಸತ್ವ ಹೀರಬೇಕಾದ ಕರುಳಿನ ಒಳಪದರ ಸವೆದು ಚಪ್ಪಟೆಯಾಗುತ್ತದೆ. ಈ ಜಗಳದಲ್ಲಿ ಹುಟ್ಟುವ ಪ್ರತಿಕಾಯಗಳನ್ನೇ ರಕ್ತಪರೀಕ್ಷೆ ಹುಡುಕುವುದು. ಗೋಧಿ ಬಿಟ್ಟು ಕೆಲವು ತಿಂಗಳು ಕಳೆದರೆ ಪ್ರತಿಕಾಯ ಇಳಿಯುತ್ತದೆ, ಕರುಳೂ ಮೆಲ್ಲಗೆ ಚೇತರಿಸಿಕೊಳ್ಳುತ್ತದೆ. ಆಗ ಹೋಗಿ ರಕ್ತ ಕೊಟ್ಟರೆ ವರದಿ ನೆಗೆಟಿವ್ ಬರಬಹುದು. ರೋಗ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ.

ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಪರೀಕ್ಷೆಗೆ ಮುಂಚೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗ್ಲುಟೆನ್ ಇರಬೇಕು. ಈಗಾಗಲೇ ಬಿಟ್ಟವರು ವೈದ್ಯರ ನಿಗಾದಲ್ಲಿ ಮತ್ತೆ ಚಪಾತಿ ಶುರುಮಾಡಬೇಕಾಗುತ್ತದೆ, ಹೊಟ್ಟೆಯ ಗೋಳನ್ನು ಸಹಿಸಿಕೊಂಡು. ಎಷ್ಟೋ ಮಂದಿ ಅದಕ್ಕೆ ಒಪ್ಪುವುದೇ ಇಲ್ಲ. ಹಾಗಾಗಿ ಜೀವಮಾನವಿಡೀ ಪಥ್ಯ ಬೇಕೋ ಬೇಡವೋ ಎಂಬುದು ಗೊತ್ತಾಗದೆ, ಮದುವೆ ಮನೆಯಲ್ಲಿ ಹೋಳಿಗೆ ಬಂದಾಗ ಮಾತ್ರ ಪಥ್ಯಕ್ಕೆ ರಜೆ ಕೊಟ್ಟುಕೊಂಡು ದಿನ ದೂಡುತ್ತಾರೆ. ನಿಜವಾಗಿ ಸೀಲಿಯಾಕ್ ಇದ್ದವರಿಗೆ ಆ ಒಂದು ಹೋಳಿಗೆಯೂ ಸಲ್ಲದು.

ಚೀಟಿಯಲ್ಲಿ ಬರೆಸಬೇಕಾದ್ದು ‘ಟಿಟಿಜಿ-ಐಜಿಎ’, ಜೊತೆಗೆ ‘ಟೋಟಲ್ ಐಜಿಎ’. ದುಡ್ಡು ಉಳಿಸಲು ಎರಡನೆಯದನ್ನು ಬಿಡಬೇಡಿ. ಕೆಲವರ ರಕ್ತದಲ್ಲಿ ಐಜಿಎ ಎಂಬ ಪ್ರತಿಕಾಯವೇ ಕಡಿಮೆ. ಅಂಥವರಿಗೆ ರೋಗವಿದ್ದರೂ ಮೊದಲ ಪರೀಕ್ಷೆ ಇಲ್ಲವೆಂದೇ ಹೇಳಬಹುದು. ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಮೊದಲ ಭಾಗದ ನಾಲ್ಕಾರು ಕಡೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಅಲ್ಲಿಯವರೆಗೂ ಗೋಧಿ ಬಿಡುವಂತಿಲ್ಲ. ಮಕ್ಕಳಲ್ಲಿ ಟಿಟಿಜಿ ಮಟ್ಟ ಮಿತಿಯ ಹತ್ತು ಪಟ್ಟು ದಾಟಿ, ಇನ್ನೊಂದು ರಕ್ತಪರೀಕ್ಷೆಯೂ ಅದನ್ನೇ ಹೇಳಿದರೆ ಯುರೋಪಿನ ಮಕ್ಕಳ ತಜ್ಞರು ಬಯಾಪ್ಸಿ ಬಿಟ್ಟುಬಿಡುವುದುಂಟು.

‘ಅದು ಪಂಜಾಬಿಗಳ ಕಾಯಿಲೆ’ ಎಂಬ ಮಾತು ನಮ್ಮ ಕಡೆ ಇದೆ, ಅದಕ್ಕೆ ಆಧಾರವೂ ಇದೆ. 2016ರಲ್ಲಿ ಪ್ರಕಟವಾದ, ದೇಶದ ಮೂರು ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ತಪಾಸಿಸಿದ ಅಧ್ಯಯನದಲ್ಲಿ ಉತ್ತರದಲ್ಲಿ ಶೇ 1.23 ಮಂದಿಯ ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯಗಳು ಕಂಡರೆ ದಕ್ಷಿಣದಲ್ಲಿ ಶೇ 0.10 ಮಾತ್ರ. ಆದರೆ ಅದೇ ಅಧ್ಯಯನದ ಇನ್ನೊಂದು ಸಂಗತಿಯನ್ನು ಯಾರೂ ಎತ್ತುವುದಿಲ್ಲ. ರೋಗಕ್ಕೆ ಬೇಕಾದ ಜೀನು ಎರಡೂ ಕಡೆ ಸುಮಾರು ಮೂರನೇ ಒಂದು ಭಾಗ ಜನರಲ್ಲಿತ್ತು. ದೊಡ್ಡ ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ಈಗ ನಮ್ಮ ಪೇಟೆ ಮನೆಗಳನ್ನು ನೋಡಿ. ಬೆಳಿಗ್ಗೆ ರವೆ ಉಪ್ಪಿಟ್ಟು, ಸಂಜೆ ಗೋಳಿಬಜೆ, ರಾತ್ರಿ ‘ಶುಗರ್‌ಗೆ ಒಳ್ಳೇದು’ ಅಂತ ಎರಡು ಚಪಾತಿ. ಇಲ್ಲಿ ರೋಗ ಏರಿದೆ ಎಂದು ನಾನು ಹೇಳುತ್ತಿಲ್ಲ. ‘ನಮ್ಮವರಿಗೆ ಬರಲ್ಲ’ ಎಂದು ಕೈತೊಳೆದುಕೊಳ್ಳಬೇಡಿ ಎನ್ನುತ್ತಿದ್ದೇನೆ.

ಯಾರಿಗೆ ಅನುಮಾನ ಬರಬೇಕು? ಭೇದಿ, ಹೊಟ್ಟೆಯುಬ್ಬರ ಇದ್ದವರಿಗೆ ಮಾತ್ರವಲ್ಲ. ವಯಸ್ಸಿಗೆ ತಕ್ಕಷ್ಟು ಬೆಳೆಯದ ಮಗು, ಟೈಪ್ 1 ಮಧುಮೇಹಿ, ರೋಗಿಯ ಒಡಹುಟ್ಟಿದವರು ಮತ್ತು ಮಕ್ಕಳು, ಎಷ್ಟು ಮಾತ್ರೆ ನುಂಗಿದರೂ ರಕ್ತಹೀನತೆ ಬಿಡದವರು. ಈ ಕೊನೆಯವರ ಬಗ್ಗೆ ನನಗೆ ಹೆಚ್ಚು ತಕರಾರಿದೆ. ಶಾಲೆಗಳಲ್ಲಿ, ಅಂಗನವಾಡಿಗಳಲ್ಲಿ ಕಬ್ಬಿಣಾಂಶದ ಮಾತ್ರೆ ಹಂಚುತ್ತೇವೆ. ಹಿಮೋಗ್ಲೋಬಿನ್ ಏರದಿದ್ದರೆ ‘ಹುಡುಗಿ ಮಾತ್ರೆ ತಗೊಂಡಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಕಬ್ಬಿಣ ಹೀರುವುದು ಸೀಲಿಯಾಕ್ ಕೆಡಿಸುವ ಅದೇ ಮೊದಲ ಕರುಳಿನ ಭಾಗ. ಜಂತುಹುಳು, ಮುಟ್ಟಿನ ರಕ್ತಸ್ರಾವ ಎಲ್ಲ ನೋಡಿಯೂ ಕಾರಣ ಸಿಗದಾಗ ಒಂದು ಟಿಟಿಜಿ ಪರೀಕ್ಷೆ ಜಿಲ್ಲಾಸ್ಪತ್ರೆಯಲ್ಲೇ ಸಿಗುವಂತಾಗಬೇಕು. ಬಡವರು ಖಾಸಗಿ ಲ್ಯಾಬಿನ ಮೆಟ್ಟಿಲು ಹತ್ತುವಂತಾಗಬಾರದು.

ಎಲ್ಲ ಪರೀಕ್ಷೆಯೂ ಸರಿಬಂದು, ಗೋಧಿ ತಿಂದರೆ ಹೊಟ್ಟೆ ಕೆಡುವುದು ನಿಂತಿಲ್ಲವೆಂದರೆ ಅದೂ ಸುಳ್ಳಲ್ಲ. ಗ್ಲುಟೆನ್ ಸಂವೇದನೆ ಎನ್ನುವುದಕ್ಕೆ ಖಚಿತ ರಕ್ತಪರೀಕ್ಷೆ ಇಲ್ಲ. ಸೀಲಿಯಾಕ್ ಮತ್ತು ಗೋಧಿ ಅಲರ್ಜಿ ಎರಡೂ ಅಲ್ಲವೆಂದು ಖಾತ್ರಿಯಾದ ಮೇಲೆ, ಬಿಟ್ಟು, ಮತ್ತೆ ತಿಂದು ನೋಡಿಯೇ ತಿಳಿಯಬೇಕು. ಕೆಲವೊಮ್ಮೆ ತೊಂದರೆ ಕೊಡುವುದು ಗ್ಲುಟೆನ್ ಅಲ್ಲ, ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆ ಜಾತಿಯ ಅಂಶ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಅದಿದೆ. ಹಾಲು ಆಗದಿರುವುದಂತೂ ದಕ್ಷಿಣದವರಲ್ಲಿ ಬಹಳ ಸಾಮಾನ್ಯ. ‘ನಿಮಗೆ ಆಗದ ಆಹಾರಗಳ ಪಟ್ಟಿ’ ಕೊಡುವ ಐಜಿಜಿ ರಕ್ತಪರೀಕ್ಷೆಯ ಪ್ಯಾಕೇಜುಗಳಿಗೆ ಮಾತ್ರ ಬೀಳಬೇಡಿ. ನೀವು ಏನನ್ನು ಹೆಚ್ಚು ತಿನ್ನುತ್ತೀರೋ ಅದರ ಗುರುತಷ್ಟೇ ಅದು ಎಂದು ಅಲರ್ಜಿ ತಜ್ಞರ ಸಂಘಗಳು ಹೇಳುತ್ತ ಬಂದಿವೆ.

ಇನ್ನು ಸೀಲಿಯಾಕ್ ಖಚಿತವಾದವರಿಗೆ ಕರ್ನಾಟಕದಷ್ಟು ಅನುಕೂಲದ ಊರು ಕಡಿಮೆ. ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನವಣೆ, ಸಾಮೆ, ಇಡ್ಲಿ ಯಾವುದಕ್ಕೂ ತಡೆಯಿಲ್ಲ. ದುಬಾರಿ ಪೊಟ್ಟಣವೂ ಬೇಡ. ಕಪ್ಲಿ ಗೋಧಿ ‘ಹಳೇ ತಳಿ, ಏನೂ ಮಾಡಲ್ಲ’ ಎಂದು ಮಾರುವವರನ್ನು ನಂಬಬೇಡಿ, ಅದರಲ್ಲೂ ಗ್ಲುಟೆನ್ ಇದೆ. ಅಪಾಯ ಬರುವುದು ಪಕ್ಕದ ದಾರಿಯಿಂದ. ಗಿರಣಿಯವನು ಗೋಧಿ ಬೀಸಿದ ಕಲ್ಲಿಗೇ ನಿಮ್ಮ ರಾಗಿ ಸುರಿಯುತ್ತಾನೆ. ‘ಗ್ಲುಟೆನ್ ಫ್ರೀ’ ಎನಿಸಿಕೊಳ್ಳಲು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟಿರುವ ಮಿತಿ ಕೆ.ಜಿ.ಗೆ 20 ಮಿಲಿಗ್ರಾಂ ಮಾತ್ರ. ರಾಗಿಯನ್ನು ಮನೆಯ ಚಿಕ್ಕ ಗಿರಣಿಯಲ್ಲೇ ಬೀಸಿಕೊಳ್ಳುವುದು ಲೇಸು. ಪಥ್ಯ ಹಿಡಿದು ಆರು ತಿಂಗಳು, ವರ್ಷವಾದರೂ ಟಿಟಿಜಿ ಇಳಿಯಲಿಲ್ಲವೆಂದರೆ ಮನೆಯವರು ಮೊದಲು ತೆಗೆದು ನೋಡಬೇಕಾದ್ದು ಇಂಗಿನ ಡಬ್ಬಿ. ಪೇಟೆಯ ಇಂಗಿಗೆ ಎಷ್ಟೋ ಸಲ ಗೋಧಿ ಹಿಟ್ಟನ್ನೇ ಬೆರೆಸಿರುತ್ತಾರೆ. ಡಬ್ಬಿಯ ಹಿಂಬದಿಯಲ್ಲಿ, ಕನ್ನಡಕ ಹಾಕಿದರಷ್ಟೇ ಕಾಣುವ ಅಕ್ಷರದಲ್ಲಿ ಅದನ್ನು ಬರೆದೂ ಇರುತ್ತಾರೆ.