ಪ್ರಶ್ನೆ ಬಿಡಿಸಿದರೆ ಸಾಕೆ?

ಅಮೆರಿಕದಲ್ಲಿ ಹೈಸ್ಕೂಲು ಮುಗಿಸದವರು ಅದಕ್ಕೆ ಸಮನಾದ ಪ್ರಮಾಣಪತ್ರಕ್ಕಾಗಿ ಬರೆಯುವ ಜಿಇಡಿ ಪರೀಕ್ಷೆ ಶುರುವಾದದ್ದು 1942ರಲ್ಲಿ, ಓದನ್ನು ಅರ್ಧಕ್ಕೆ ಬಿಟ್ಟು ಸೇನೆ ಸೇರಿದವರಿಗಾಗಿ. ಅದರ ನಾಲ್ಕು ವಿಷಯಗಳಲ್ಲಿ ಸಮಾಜ ವಿಜ್ಞಾನವೂ ಒಂದು. ಅವಧಿ 70 ನಿಮಿಷ. 100ರಿಂದ 200ರವರೆಗಿನ ಅಂಕಮಾನದಲ್ಲಿ 145 ಬಂದರೆ ತೇರ್ಗಡೆ. ಪ್ರಶ್ನೆಗಳಲ್ಲಿ ಸುಮಾರು ಅರ್ಧ ಪೌರನೀತಿ ಮತ್ತು ಸರ್ಕಾರಕ್ಕೆ ಸೇರಿದವು. ಐದನೆಯ ಒಂದು ಭಾಗ ಅಮೆರಿಕದ ಇತಿಹಾಸ. ಮಿಕ್ಕದ್ದನ್ನು ಅರ್ಥಶಾಸ್ತ್ರ, ಭೂಗೋಳಗಳು ಹಂಚಿಕೊಳ್ಳುತ್ತವೆ.

ಇಸವಿಗಳನ್ನು ಬಾಯಿಪಾಠ ಮಾಡಿದವರಿಗೆ ಇಲ್ಲಿ ಹೆಚ್ಚಿನ ಲಾಭವಿಲ್ಲ. ಒಂದು ಭಾಷಣದ ತುಣುಕು, ನಕ್ಷೆ, ವ್ಯಂಗ್ಯಚಿತ್ರ ಅಥವಾ ಅಂಕಿಅಂಶದ ಪಟ್ಟಿ ಕೊಟ್ಟು ಅದರ ಮೇಲೆಯೇ ಪ್ರಶ್ನೆ ಕೇಳುವುದು ಇದರ ಕ್ರಮ. ಉತ್ತರ ಕಣ್ಣೆದುರೇ ಇರುವಾಗ ವಿಷಯ ಓದುವುದೇಕೆ, ಮಾದರಿ ಪ್ರಶ್ನೆಗಳನ್ನು ಬಿಡಿಸುತ್ತ ಹೋದರೆ ಸಾಲದೆ ಎಂಬ ವಾದ ಹುಟ್ಟುವುದು ಇಲ್ಲಿಯೇ.

ಈ ವಾದಕ್ಕೆ ಆಧಾರವಿಲ್ಲದಿಲ್ಲ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಮಾತ್ರ, ಓದಿದ್ದನ್ನು ನೆನಪಿಸಿಕೊಂಡು ಬರೆದು ನೋಡಿದವರದೇ ಮೇಲುಗೈ. ಆದರೆ ಅವರು ಮೊದಲು ಏನನ್ನೋ ಓದಿದ್ದರು ಎಂಬುದನ್ನು ಮರೆಯುವುದು ಸುಲಭ. ರೆಕ್ಟ್ ಮತ್ತು ಲೆಸ್ಲಿಯವರ 1988ರ ಅಧ್ಯಯನ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ: ಬೇಸ್‌ಬಾಲ್ ಪಂದ್ಯದ ವರದಿಯನ್ನು ಓದಿಸಿದಾಗ, ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಚೆನ್ನಾಗಿ ಓದಬಲ್ಲ ಆದರೆ ಆಟ ತಿಳಿಯದ ಮಕ್ಕಳಿಗಿಂತ ಹೆಚ್ಚು ಗ್ರಹಿಸಿದರು.

ಜಿಇಡಿಯಲ್ಲೂ ಇದೇ ಕಷ್ಟ. ಕಾಂಗ್ರೆಸ್ಸಿನ ಮಸೂದೆಯನ್ನು ಅಧ್ಯಕ್ಷರು ತಿರಸ್ಕರಿಸಿದರು, ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಅದನ್ನು ಮತ್ತೆ ಅಂಗೀಕರಿಸಿದವು ಎಂಬ ವಾಕ್ಯವೃಂದ ಇದೆ ಎನ್ನೋಣ. ಇದು ಯಾವ ತತ್ತ್ವಕ್ಕೆ ಉದಾಹರಣೆ? ಆಯ್ಕೆಗಳು: ಒಕ್ಕೂಟ ವ್ಯವಸ್ಥೆ, ಜನತೆಯ ಪರಮಾಧಿಕಾರ, ನ್ಯಾಯಾಂಗದ ಪರಾಮರ್ಶೆ, ಸರ್ಕಾರದ ಅಂಗಗಳ ಪರಸ್ಪರ ನಿಯಂತ್ರಣ. ವಾಕ್ಯವೃಂದದ ಪ್ರತಿ ಪದ ಅರ್ಥವಾದರೂ ಈ ನಾಲ್ಕರ ನಡುವಿನ ವ್ಯತ್ಯಾಸ ತಿಳಿಯದವರು ಊಹೆ ಮಾಡಬೇಕಾಗುತ್ತದೆ. ಊಹೆ ತಾಳೆಯಾದರೆ ಇನ್ನೂ ತೊಂದರೆ, ಏಕೆಂದರೆ ಅಜ್ಞಾನ ಅಂಕದ ಹಿಂದೆ ಅಡಗಿಕೊಳ್ಳುತ್ತದೆ.

ಹಾಗಾಗಿ ಸಂವಿಧಾನದ ಚೌಕಟ್ಟು, ಹಕ್ಕುಗಳ ಮಸೂದೆ, ಅಂತರ್ಯುದ್ಧ, ಪೌರಹಕ್ಕು ಚಳವಳಿ, ಬೇಡಿಕೆ ಮತ್ತು ಪೂರೈಕೆ ಇಷ್ಟನ್ನಾದರೂ ಓದಿದ ಮೇಲೆಯೇ ಪ್ರಶ್ನೆಗಳಿಗೆ ಕೈಹಾಕುವುದು ಲೇಸು. ಅಭ್ಯಾಸದ ನಿಜವಾದ ಕೆಲಸವಿರುವುದು ತಪ್ಪು ಆಯ್ಕೆಗಳಲ್ಲಿ. ಮೇಲಿನ ಪ್ರಶ್ನೆಯಲ್ಲಿ ಒಕ್ಕೂಟ ವ್ಯವಸ್ಥೆ ಏಕೆ ಉತ್ತರವಲ್ಲ ಎಂದು ಹೇಳಬಲ್ಲವರು ಆ ತತ್ತ್ವದ ಮೇಲಿನ ಬೇರೆ ಪ್ರಶ್ನೆಗೂ ಸಿದ್ಧರಾಗಿರುತ್ತಾರೆ. ನಕ್ಷೆ, ಪಟ್ಟಿಗಳ ಮಾತು ಬೇರೆ; ಅವುಗಳಲ್ಲಿ ಶೀರ್ಷಿಕೆ, ಮಾನ, ಏಕಮಾನಗಳನ್ನು ಮೊದಲು ನೋಡುವ ರೂಢಿ ಬರಿಯ ಅಭ್ಯಾಸದಿಂದಲೇ ಬರುತ್ತದೆ. ಗಡಿಯಾರ ಇಟ್ಟುಕೊಂಡು ಇಡೀ ಪ್ರಶ್ನೆಪತ್ರಿಕೆ ಬಿಡಿಸುವುದು ಕೊನೆಯ ವಾರಗಳ ಕೆಲಸ.