ಹಳೆಯ ಕಾರಿನ ಡ್ಯಾಶ್‌ಬೋರ್ಡ್ ಕ್ಯಾನ್ಸರ್ ತರುತ್ತದೆಯೇ? ಬದಲಿಸುವಾಗ ನಿಜವಾಗಿ ಎಚ್ಚರ ಬೇಕಾದ್ದು ಎಲ್ಲಿ?

ಬೇಸಿಗೆ ಶುರುವಾಯಿತೆಂದರೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಮತ್ತೆ ಓಡಾಡತೊಡಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್‌ನಿಂದ ಬೆಂಜೀನ್ ಎಂಬ ವಿಷ ಹೊರಬರುತ್ತದೆ, ಕಾರು ಹತ್ತಿದ ಕೂಡಲೇ ಎಸಿ ಹಾಕಿದರೆ ಅದು ಮೈಸೇರಿ ಕ್ಯಾನ್ಸರ್ ಬರುತ್ತದೆ, ಇದನ್ನು ನಿಮ್ಮವರಿಗೆಲ್ಲ ಕಳಿಸಿ ಎನ್ನುವುದು ಅದರ ಸಾರಾಂಶ.

ಬಾಗಲಕೋಟೆಯಿಂದ ಲೋಕಾಪುರದ ಕಡೆ ಹೋಗುವಾಗ ಸಿಗುವ ಕಲಾದಗಿಯಲ್ಲಿ ಏಪ್ರಿಲ್ ಮಧ್ಯಾಹ್ನ ಕಾರು ನಿಲ್ಲಿಸಿ ಬಂದವರಿಗೆ ಈ ಸಂದೇಶ ನಿಜ ಅನ್ನಿಸಿದರೆ ಆಶ್ಚರ್ಯವಿಲ್ಲ. ಬಾಗಿಲು ತೆಗೆದರೆ ಒಲೆಯ ಝಳ, ಸ್ಟೀರಿಂಗ್ ಮುಟ್ಟಲಾಗದಷ್ಟು ಕಾವು, ಮೂಗಿಗೆ ಪ್ಲಾಸ್ಟಿಕ್ ವಾಸನೆ. ಮನೆಯಲ್ಲಿ ಅಪ್ಪನ ಅಥವಾ ಅಜ್ಜನ ಕಾಲದ ಕಾರು ಇದ್ದು, ಬಿಸಿಲಿಗೆ ಬಿರುಕು ಬಿಟ್ಟ ಅದರ ಡ್ಯಾಶ್‌ಬೋರ್ಡ್ ಬದಲಿಸಬೇಕು ಅಂದುಕೊಂಡವರಿಗಂತೂ ಭಯ ಇನ್ನೂ ಹೆಚ್ಚು. ಆದ್ದರಿಂದ ಈ ವಿಷಯವನ್ನು ಬಿಡಿಸಿ ನೋಡೋಣ. ಹಳೆಯ ಸ್ಪೋರ್ಟ್ಸ್ ಕಾರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇವೆ. ಡ್ಯಾಶ್‌ಬೋರ್ಡ್‌ಗೆ ಸಂಬಂಧಿಸಿದ ನಿಜವಾದ ಅಪಾಯಗಳೆಲ್ಲ ಅಲ್ಲಿ ಒಟ್ಟಿಗೆ ಸಿಗುತ್ತವೆ.

ಸಂದೇಶದಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

ಬೆಂಜೀನ್ ಕ್ಯಾನ್ಸರ್‌ಕಾರಕ ಎನ್ನುವುದು ನಿಜ. ದೀರ್ಘಕಾಲ ಹೆಚ್ಚಿನ ಪ್ರಮಾಣದಲ್ಲಿ ಉಸಿರಾಡಿದರೆ ಅದು ರಕ್ತದ ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಈ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿಲ್ಲ.

ಸಂದೇಶ ಎಡವುವುದು ಅಂಕಿಗಳಲ್ಲಿ. ಒಂದು ಚದರ ಅಡಿಗೆ 50 ಮಿಲಿಗ್ರಾಂ ಬೆಂಜೀನ್ ಇದ್ದರೆ ಪರವಾಗಿಲ್ಲ, ಮುಚ್ಚಿದ ಕಾರಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತದೆ ಎಂದು ಅದು ಹೇಳುತ್ತದೆ. ಚದರ ಅಡಿಯಲ್ಲಿ ಅಳೆಯುವುದು ನೆಲವನ್ನು, ಸೈಟನ್ನು. ಗಾಳಿಯಲ್ಲಿರುವ ವಸ್ತುವನ್ನು ಘನ ಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಅಳತೆಯ ಮಾನವೇ ತಪ್ಪಾಗಿರುವಾಗ ಅದರ ಮೇಲೆ ಕಟ್ಟಿದ ಹೋಲಿಕೆಗೆ ಬೆಲೆಯಿಲ್ಲ.

ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಹೊಸ ಕಾರು ಮತ್ತು ಒಂದು ಮೂರು ವರ್ಷ ಹಳೆಯ ಕಾರನ್ನು ಪ್ರಖರ ದೀಪಗಳಿಂದ ಒಳಗೆ 65 ಡಿಗ್ರಿವರೆಗೆ ಬಿಸಿ ಮಾಡಿ, ಅಲ್ಲಿನ ಗಾಳಿಯನ್ನು ಜೀವಕೋಶಗಳ ಮೇಲೆ ಪರೀಕ್ಷಿಸಿದರು. 2007ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಿಷದ ಪರಿಣಾಮ ಕಾಣಲಿಲ್ಲ. ಹೊಸ ಕಾರಿನ ಗಾಳಿ ಅಲರ್ಜಿಯ ಪ್ರತಿಕ್ರಿಯೆಯನ್ನು ಸ್ವಲ್ಪ ಹೆಚ್ಚಿಸಬಹುದು ಎಂಬ ಸುಳಿವು ಮಾತ್ರ ಸಿಕ್ಕಿತು. ಹಳೆಯ ಕಾರಿನಲ್ಲಿ ಇಂಥ ಆವಿಗಳು ಹೊಸದಕ್ಕಿಂತ ತುಂಬಾ ಕಡಿಮೆ ಇದ್ದವು. ಬಿಸಿಲಲ್ಲಿ ನಿಂತ ಹೊಸ ಕಾರಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ಬೇರೆಯೇ ರಾಸಾಯನಿಕ ಚೀನಾದ ಮಿತಿಯನ್ನು ಮೀರಿದ್ದನ್ನು 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿದೆ.

ಹೀಗಾಗಿ ಹತ್ತುವ ಮುನ್ನ ಎರಡು ನಿಮಿಷ ಕಿಟಕಿ ತೆಗೆದಿಡುವುದು ಒಳ್ಳೆಯ ಅಭ್ಯಾಸವೇ. ಬಿಸಿಗಾಳಿ ಹೊರಗೆ ಹೋಗಿ ಎಸಿ ಬೇಗ ತಣ್ಣಗೆ ಮಾಡುತ್ತದೆ. ಡ್ಯಾಶ್‌ಬೋರ್ಡ್‌ಗೆ ಹೊಸ ರೆಕ್ಸಿನ್, ಫೋಮ್, ಅಂಟು ಹಾಕಿಸಿದ ಮೊದಲ ಕೆಲವು ವಾರ ಇದನ್ನು ತಪ್ಪದೆ ಮಾಡಿ. ಕ್ಯಾನ್ಸರ್ ಎಂದು ಹೆದರಬೇಕಿಲ್ಲ.

ಬೆಂಜೀನ್ ಚಿಂತೆ ಇದ್ದರೆ ಪೆಟ್ರೋಲ್ ವಾಸನೆ ನೋಡಿ

ಕಾರಿನಲ್ಲಿ ಬೆಂಜೀನ್‌ನ ಮುಖ್ಯ ಮೂಲ ಪೆಟ್ರೋಲ್. ಬಿಎಸ್ 6 ಪೆಟ್ರೋಲ್‌ನಲ್ಲಿ ಶೇ 1ರವರೆಗೆ ಬೆಂಜೀನ್ ಇರಲು ಅನುಮತಿ ಇದೆ. ಇಂದಿನ ಕಾರುಗಳಲ್ಲಿ ಟ್ಯಾಂಕಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ ಇರುತ್ತದೆ. 60ರ ದಶಕದ ಬಹುತೇಕ ಕಾರುಗಳಲ್ಲಿ ಅದು ಇರಲಿಲ್ಲ. ಕಾರ್ಬ್ಯುರೇಟರ್‌ಗೆ ಹೋಗುವ ರಬ್ಬರ್ ಪೈಪುಗಳೂ ವರ್ಷ ಕಳೆದಂತೆ ಒಣಗಿ ಸೀಳುತ್ತವೆ. ಹಳೆಯ ಕಾರಿನಲ್ಲಿ ಕುಳಿತಾಗ ಪೆಟ್ರೋಲ್ ವಾಸನೆ ಬಂದರೆ ‘ಹಳೇ ಗಾಡಿ, ಹಂಗೇ ಇರ್ತದ’ ಎಂದು ಬಿಡಬೇಡಿ. ಡ್ಯಾಶ್‌ಬೋರ್ಡ್‌ಗೆ ಕೈಹಾಕುವ ಮೊದಲು ಪೈಪು ಬದಲಿಸಿ. ಉಸಿರಿಗಿಂತ ಮೊದಲು ಅದು ಬೆಂಕಿಯ ಅಪಾಯ.

ಡ್ಯಾಶ್‌ಬೋರ್ಡ್ ಬಿರುಕು ಬಿಡುವುದೇಕೆ?

ಮೊದಮೊದಲ ಡ್ಯಾಶ್‌ಬೋರ್ಡ್‌ಗಳು ಮರದ ಅಥವಾ ತಗಡಿನವು. ಮುಂದೆ ಅಪಘಾತದಲ್ಲಿ ತಲೆಗೆ ಪೆಟ್ಟು ಕಡಿಮೆಯಾಗಲೆಂದು ಫೋಮ್ ಮೇಲೆ ಪಿವಿಸಿ ಹೊದಿಕೆ ಬಂತು. ಪಿವಿಸಿ ಸ್ವಭಾವತಃ ಗಡುಸು. ಅದನ್ನು ಮೆತ್ತಗಾಗಿಸಲು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ವಸ್ತು ಬೆರೆಸುತ್ತಾರೆ. ಬಿಸಿಲಿಗೆ ಅದು ವರ್ಷಗಟ್ಟಲೆ ನಿಧಾನವಾಗಿ ಆವಿಯಾಗುತ್ತ ಹೋಗುತ್ತದೆ. ಮುಂದಿನ ಗಾಜಿನ ಒಳಬದಿಗೆ ಕೂರುವ ಜಿಡ್ಡಿನ ಪೊರೆಯಲ್ಲಿ ಅದರ ಪಾಲೂ ಇದೆ. ಮೆತುತನ ಕಳೆದುಕೊಂಡ ಹೊದಿಕೆ ಕುಗ್ಗಿ ಬಿರಿಯುತ್ತದೆ. ಮೇಲ್ಛಾವಣಿ ತೆರೆಯುವ ಸ್ಪೋರ್ಟ್ಸ್ ಕಾರಿಗೆ ನೇರ ಬಿಸಿಲೂ ಬೀಳುವುದರಿಂದ ಇದು ಇನ್ನೂ ಬೇಗ ಆಗುತ್ತದೆ.

ಕೊಬ್ಬರಿ ಎಣ್ಣೆ ಹಚ್ಚಿದರೆ ಡ್ಯಾಶ್‌ಬೋರ್ಡ್ ಹೊಸದಾಗುತ್ತದೆ ಎಂಬ ಸಲಹೆಯೂ ಹರಿದಾಡುತ್ತದೆ. ಎರಡು ದಿನ ಹೊಳಪು ಬರುತ್ತದೆ ನಿಜ, ಆದರೆ ಹೋದ ಪ್ಲಾಸ್ಟಿಸೈಜರ್ ಮರಳಿ ಬರುವುದಿಲ್ಲ. ಎಣ್ಣೆಗೆ ದೂಳು ಮೆತ್ತುತ್ತದೆ, ಹೊಳಪು ಗಾಜಿನಲ್ಲಿ ಪ್ರತಿಫಲಿಸಿ ಚಾಲಕನ ಕಣ್ಣು ಕುಕ್ಕುತ್ತದೆ. ನೆರಳಲ್ಲಿ ನಿಲ್ಲಿಸಿ, ಗಾಜಿಗೆ ಪರದೆ ಇಡಿ. ಬಿರುಕು ಬಿಟ್ಟ ಮೇಲೆ ಹೊಸ ಹೊದಿಕೆಯೇ ಉಪಾಯ.

‘ರೇಡಿಯಂ’ ಎಂಬ ಗೊಂದಲ

ನಮ್ಮ ಊರುಗಳಲ್ಲಿ ನಂಬರ್ ಪ್ಲೇಟ್, ಸ್ಟಿಕ್ಕರ್ ಮಾಡುವ ಅಂಗಡಿಗಳ ಮೇಲೆ ‘ರೇಡಿಯಂ ಕಟಿಂಗ್’ ಎಂಬ ಬೋರ್ಡ್ ನೋಡಿರುತ್ತೀರಿ. ಆ ಸ್ಟಿಕ್ಕರ್‌ಗಳಲ್ಲಿ ರೇಡಿಯಂ ಒಂದು ಕಣವೂ ಇಲ್ಲ. ಸಣ್ಣ ಗಾಜಿನ ಮಣಿಗಳು ಅಥವಾ ಪಟ್ಟಕಗಳು ಹೆಡ್‌ಲೈಟಿನ ಬೆಳಕನ್ನು ಬಂದ ದಾರಿಯಲ್ಲೇ ತಿರುಗಿ ಕಳಿಸುತ್ತವೆ, ಅಷ್ಟೇ.

ನಿಜವಾದ ರೇಡಿಯಂ ಇರಬಹುದಾದ ಜಾಗ ಬೇರೆ. 20ನೇ ಶತಮಾನದ ಮೊದಲರ್ಧದಲ್ಲಿ ಗಡಿಯಾರ, ವಿಮಾನದ ಮೀಟರ್, ಎರಡನೇ ಮಹಾಯುದ್ಧದ ಮಿಲಿಟರಿ ಜೀಪುಗಳ ಮೀಟರ್, ಕೆಲವು ಕಾರುಗಳ ಮೀಟರ್‌ಗಳ ಮುಳ್ಳು ಮತ್ತು ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಅಮೆರಿಕದಲ್ಲಿ ಆ ಬಣ್ಣ ಬಳಿಯುತ್ತಿದ್ದ ಯುವತಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. 1920ರ ದಶಕದಲ್ಲಿ ಅವರಲ್ಲಿ ಹಲವರು ದವಡೆಯ ಮೂಳೆ ಕೊಳೆತು, ರಕ್ತ ಕೆಟ್ಟು ತೀರಿಕೊಂಡರು.

ಬಹಳ ಮಂದಿ ಮೋಸ ಹೋಗುವುದು ಇಲ್ಲೇ. ಮೀಟರ್ ಈಗ ಹೊಳೆಯುತ್ತಿಲ್ಲ ಎಂದರೆ ರೇಡಿಯಂ ಮುಗಿದಿದೆ ಎಂದಲ್ಲ. ಹೊಳೆಯುವುದು ಅದರ ಜೊತೆ ಬೆರೆಸಿದ ಸತುವಿನ ಸಲ್ಫೈಡ್. ಅದು ಕೆಲವು ವರ್ಷಗಳಲ್ಲಿ ಸವೆದುಹೋಗುತ್ತದೆ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಗಾಜು ಮುಚ್ಚಿದ ಮೀಟರ್ ಹತ್ತಿರ ಕುಳಿತು ಕಾರು ಓಡಿಸುವುದರಿಂದ ಆಗುವ ಅಪಾಯ ಕಡಿಮೆ. ಗಾಜು ತೆಗೆದು, ಕಂದುಬಣ್ಣಕ್ಕೆ ತಿರುಗಿದ ಪುಡಿಬಣ್ಣವನ್ನು ಕೆರೆದು, ಬಾಯಿಂದ ಊದಿದರೆ ಅದು ಶ್ವಾಸಕೋಶ ಸೇರುತ್ತದೆ. ಅಷ್ಟು ಹಳೆಯ ಮೀಟರ್ ಇದ್ದರೆ ಬಿಚ್ಚಬೇಡಿ. ಹಾಗೆಯೇ ಇಟ್ಟು, ತಿಳಿದವರಿಂದ ವಿಕಿರಣ ಪರೀಕ್ಷೆ ಮಾಡಿಸಿ.

ಕೆಂಪು ತಂತಿ ಪ್ಲಸ್, ಕಪ್ಪು ಮೈನಸ್?

ಡ್ಯಾಶ್‌ಬೋರ್ಡ್ ಬದಲಿಸುವಾಗ ಅತಿ ಹೆಚ್ಚು ಎಚ್ಚರ ಬೇಕಾದ್ದು ಅದರ ಹಿಂದಿರುವ ತಂತಿಗಳ ಬಗ್ಗೆ. ಬ್ರಿಟನ್ನಿನ ಎಂಜಿಬಿ 1962ರಲ್ಲಿ ಬಂದ ಪ್ರಸಿದ್ಧ ಸ್ಪೋರ್ಟ್ಸ್ ಕಾರು. 1967ರವರೆಗಿನ ಎಂಜಿಬಿಗಳಲ್ಲಿ ಕಾರಿನ ಲೋಹದ ಮೈಗೆ ಸೇರಿದ್ದದ್ದು ಬ್ಯಾಟರಿಯ ಪ್ಲಸ್ ತುದಿ. ಇಂದಿನ ಕಾರುಗಳಲ್ಲಿ ಅಲ್ಲಿ ಮೈನಸ್ ಇರುತ್ತದೆ. ಅಂಥ ಕಾರಿನ ತಗಡಿನ ಡ್ಯಾಶ್‌ಬೋರ್ಡ್‌ಗೆ ಮೊಬೈಲ್ ಚಾರ್ಜರ್‌ನ ಸಾಕೆಟ್ ಕೂರಿಸಿದರೆ ಏನಾಗುತ್ತದೆ? ಸಾಕೆಟ್‌ನ ಹೊರಕವಚ ಮೈನಸ್, ಅದು ತಾಗುವ ತಗಡು ಪ್ಲಸ್. ನೇರ ಶಾರ್ಟ್ ಸರ್ಕ್ಯೂಟ್.

ಬಣ್ಣ ನೋಡಿ ತಂತಿ ಗುರುತಿಸುವುದೂ ಇಲ್ಲಿ ನಡೆಯದು. ಆ ಕಾಲದ ಬ್ರಿಟಿಷ್ ಕಾರುಗಳ ಲ್ಯೂಕಾಸ್ ಪದ್ಧತಿಯಲ್ಲಿ ಬ್ಯಾಟರಿಯಿಂದ ನೇರ ಬರುವುದು ಕಂದು ತಂತಿ, ಕೆಂಪು ಸೈಡ್ ಲೈಟಿಗೆ, ಕಪ್ಪು ಎಂದರೆ ಅರ್ತ್. ಮೇಲಿನಂಥ ಕಾರಿನಲ್ಲಿ ಕಪ್ಪು ತಂತಿಯೇ ಪ್ಲಸ್!

ಮೊದಲ ಎಂಜಿಬಿಗಳಲ್ಲಿ ಇದ್ದದ್ದು ಎರಡೇ ಫ್ಯೂಸ್. ಆ ಕಾಲದ ಹಲವು ಕಾರುಗಳಲ್ಲಿ ಆಮ್ಮೀಟರ್ ಕೂಡ ಇರುತ್ತಿತ್ತು. ಬ್ಯಾಟರಿಯ ಚಾರ್ಜಿಂಗ್ ಕರೆಂಟೆಲ್ಲ ಅದರ ಮೂಲಕವೇ ಹಾಯುತ್ತದೆ. ಅದರ ನಟ್ಟು ಸಡಿಲವಾದರೆ ಅಲ್ಲೇ ಕಾವೇರಿ ಬೆಂಕಿ ಹೊತ್ತಬಹುದು. ಹಾಗಾಗಿ:

ಮೊದಲು ಬ್ಯಾಟರಿ ಬಿಚ್ಚಿ. ಯಾವ ತುದಿ ಮೈಗೆ ಸೇರಿದೆ ಎಂದು ಬರೆದಿಡಿ.

ಪ್ರತಿ ತಂತಿ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದು, ತಂತಿಗೆ ಚೀಟಿ ಅಂಟಿಸಿ.

ಹೊಸದಾಗಿ ಸೇರಿಸುವ ಪ್ರತಿ ಉಪಕರಣಕ್ಕೂ ಪ್ರತ್ಯೇಕ ಫ್ಯೂಸ್ ಹಾಕಿಸಿ. ಬಿರುಕು ಬಿಟ್ಟ ತಂತಿಗೆ ಟೇಪ್ ಸುತ್ತುವ ಬದಲು ತಂತಿಯನ್ನೇ ಬದಲಿಸಿ.

ಪೆಟ್ರೋಲ್ ಮತ್ತು ಟೆಂಪರೇಚರ್ ಮೀಟರ್ ಎರಡೂ ಒಟ್ಟಿಗೆ ತಪ್ಪು ತೋರಿಸಿದರೆ ಮೀಟರ್ ಎಸೆಯಬೇಡಿ. 60ರ ದಶಕದ ಸ್ಮಿತ್ಸ್ ಮೀಟರ್‌ಗಳು 10 ವೋಲ್ಟ್‌ಗೆ ಇಳಿಸುವ ಒಂದು ಸಣ್ಣ ಸ್ಟೆಬಿಲೈಸರ್ ಮೂಲಕ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಕೆಟ್ಟಿರುವುದು ಅದೇ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್‌ನಲ್ಲಿ ಭಾರಿ ಬದಲಾವಣೆ ಆಗಿರಬಾರದು. ಡ್ಯಾಶ್‌ಬೋರ್ಡ್ ಆ ಪಟ್ಟಿಯಲ್ಲಿಲ್ಲ. ಆದರೂ ಮೂಲ ರೂಪ ಉಳಿಸಿಕೊಳ್ಳುವುದೇ ಒಳ್ಳೆಯದು. ಬಿಚ್ಚಿದ ಹಳೆಯ ಮೀಟರ್, ಸ್ವಿಚ್ ಗುಜರಿಗೆ ಹಾಕಬೇಡಿ. ಹಳೆಯ ಡ್ಯಾಶ್‌ಬೋರ್ಡ್‌ಗಳು ಹೇಗಿದ್ದವು ಎಂದು ನೋಡಬೇಕಿದ್ದರೆ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಹೋಗಿಬನ್ನಿ.

ಫಾರ್ವರ್ಡ್ ಮಾಡಲೇಬೇಕಾದ ಮಾತು

ಬಿಸಿಲಲ್ಲಿ ನಿಂತ ಕಾರು ಕೊಲ್ಲಬಲ್ಲದು ಎನ್ನುವುದು ಸುಳ್ಳಲ್ಲ. ಆದರೆ ಕೊಲ್ಲುವುದು ಬೆಂಜೀನ್ ಅಲ್ಲ, ಬಿಸಿ. ಅಮೆರಿಕದ ಅರಿಜೋನಾದಲ್ಲಿ 37 ಡಿಗ್ರಿ ದಾಟಿದ ದಿನಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ, ಸ್ಟೀರಿಂಗ್ 53 ಡಿಗ್ರಿ, ಡ್ಯಾಶ್‌ಬೋರ್ಡ್ 69 ಡಿಗ್ರಿ ತಲುಪಿತ್ತು. ನೆರಳಲ್ಲಿ ನಿಂತ ಕಾರುಗಳ ಡ್ಯಾಶ್‌ಬೋರ್ಡ್ 48 ಡಿಗ್ರಿ ಇತ್ತು. ಕಿಟಕಿಯನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸವಾಗದು ಎಂದು 2005ರ ಇನ್ನೊಂದು ಅಧ್ಯಯನ ತೋರಿಸಿದೆ. ಒಳಗಿನ ಕಾವು ಬಹುಪಾಲು ಏರುವುದು ಮೊದಲ ಅರ್ಧ ಗಂಟೆಯಲ್ಲೇ.

ಬಾಗಲಕೋಟೆ ಕಡೆಯ ಬೇಸಿಗೆಯೂ 40 ಡಿಗ್ರಿಯ ಆಸುಪಾಸಿನದು. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ. ಬಾದಾಮಿ ಗುಹೆ ನೋಡಲು ಬಂದಾಗಲಿ, ಇಳಕಲ್‌ನಲ್ಲಿ ಸೀರೆ ಕೊಳ್ಳಲು ನಿಂತಾಗಲಿ, ‘ಐದೇ ನಿಮಿಷ’ ಎಂದು ಮಲಗಿದ ಮಗುವನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ. ಮನೆ ಮುಂದೆ ನಿಂತ ಹಳೆಯ ಕಾರಿಗೂ ಯಾವಾಗಲೂ ಬೀಗ ಹಾಕಿಡಿ. ಆಟವಾಡುತ್ತ ಒಳಗೆ ಸೇರಿದ ಮಕ್ಕಳಿಗೆ ಬಾಗಿಲು ತೆಗೆಯಲು ಬಾರದೆ ಹೋಗಬಹುದು.

ಮುಂದಿನ ಸಲ ಬೆಂಜೀನ್ ಸಂದೇಶ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ, ಅದರ ಬದಲು ಈ ಕೊನೆಯ ಮಾತನ್ನು ಕಳಿಸಿ.